ಗೇಮಿಂಗ್ ಕಂಪ್ಯೂಟರ್: ಕೂಡಿಸಿ, ಕೆಡಿಸಿ ಕಲಿತದ್ದು

ಇರಕಲ್ಲಗಡದಂಥ ಹೋಬಳಿ ಊರಿನಲ್ಲಿ ಆಟ ಅಂದರೆ ಮೊಬೈಲು. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಷೇಧವಾಯಿತು, ಮರುವರ್ಷ ಬಿಜಿಎಂಐ ಬಂತು, ಕಟ್ಟೆಯ ಮೇಲಿನ ಹುಡುಗರು ಬೆರಳು ಆಡಿಸುವುದನ್ನು ಬಿಡಲಿಲ್ಲ. ಈಗೀಗ ಗಿಣಿಗೇರಿ ಕಡೆಯ ಕಾರ್ಖಾನೆಗಳಲ್ಲಿ ಪಗಾರ ಎಣಿಸುವವರು, ಬೆಂಗಳೂರಿನಿಂದ ಹಬ್ಬಕ್ಕೆ ಬರುವವರು ದೊಡ್ಡ ದೊಡ್ಡ ಡಬ್ಬಿ ಇಳಿಸುತ್ತಿದ್ದಾರೆ. ಜೋಡಿಸಿ ಕೊಡು ಎಂದು ನನ್ನನ್ನು ಕರೆಯುತ್ತಾರೆ. ನನಗೆ ಎಲ್ಲ ಗೊತ್ತು ಅಂತಲ್ಲ, ಸುತ್ತಲ ಹಳ್ಳಿಗಳಲ್ಲಿ ಹೆಚ್ಚು ಕೆಡಿಸಿದವನು ನಾನೇ ಅಂತ.

1. ಡಬ್ಬಿ ಬಿಚ್ಚುವ ಮೊದಲು ಗೋಡೆ ನೋಡಿ

ನನ್ನ ಮೊದಲ ಕಂಪ್ಯೂಟರಿನ ಕ್ಯಾಬಿನೆಟ್ ಮುಟ್ಟಿದರೆ ಇರುವೆ ಕಚ್ಚಿದ ಹಾಗೆ ಚುರ್ ಅನ್ನುತ್ತಿತ್ತು. ಬರಿಗಾಲಲ್ಲಿ ನಿಂತರೆ ಇನ್ನೂ ಜೋರು. ಟೆಸ್ಟರ್ ಇಟ್ಟೆ, ಮಂದವಾಗಿ ಹೊತ್ತಿತು. ಮಾಲು ಕೆಟ್ಟದ್ದು ಎಂದು ಮಾರಿದವನ ಮೇಲೆ ಫೋನಿನಲ್ಲೇ ಹರಿಹಾಯ್ದೆ. ಮಾಲು ಚೊಲೋನೇ ಇತ್ತು, ನಮ್ಮ ಮನೆಗೆ ಅರ್ಥಿಂಗ್ ಇರಲಿಲ್ಲ. ಮೂರನೇ ತೂತಿನ ಹಿಂದೆ ತಂತಿಯೇ ಇಲ್ಲ!

ಕಂಪ್ಯೂಟರಿಗೆ ಕರೆಂಟು ಹಂಚುವ ಡಬ್ಬಿ ಎಸ್‌ಎಂಪಿಎಸ್. ಅದರ ಒಳಗೆ ಫೇಸ್ ಕಡೆಯಿಂದ ಒಂದು, ನ್ಯೂಟ್ರಲ್ ಕಡೆಯಿಂದ ಒಂದು ಪುಟ್ಟ ಕೆಪಾಸಿಟರ್ ಕ್ಯಾಬಿನೆಟ್ಟಿನ ಲೋಹಕ್ಕೆ ಸೇರಿರುತ್ತವೆ. ತಂತಿಯಲ್ಲಿನ ಗದ್ದಲವನ್ನು ಭೂಮಿಗೆ ಇಳಿಸುವುದು ಅವುಗಳ ಕೆಲಸ. ಭೂಮಿಗೆ ದಾರಿಯೇ ಇಲ್ಲದಿದ್ದರೆ 230 ವೋಲ್ಟು ಎರಡರ ನಡುವೆ ಸರಿಪಾಲಾಗಿ, ಕ್ಯಾಬಿನೆಟ್ ಮೈಮೇಲೆ ಸುಮಾರು 115 ವೋಲ್ಟು ನಿಲ್ಲುತ್ತದೆ. ಹರಿಯುವ ಕರೆಂಟು ಬಹಳ ಕಡಿಮೆ, ಮನುಷ್ಯನಿಗೆ ಬರೀ ಚುರುಕು. ಆದರೆ ಹಾಗೇ ಎಚ್‌ಡಿಎಂಐ ವೈರು ಚುಚ್ಚುವಾಗ ಪೋರ್ಟ್ ಸುಟ್ಟೀತು. ಮುಂದೆಂದಾದರೂ ಒಳಗೆ ನಿಜವಾದ ದೋಷ ಬಂದರೆ ಪೂರ್ತಿ 230 ವೋಲ್ಟೂ ಮೈಗೆ ಸಿದ್ಧ.

ಈಗ ಯಾರೇ ಕರೆದರೂ ಮೊದಲು ಕೇಳುವುದು, ಅರ್ಥಿಂಗ್ ಗುಂಡಿ ಎಲ್ಲಿದೆ ಅಂತ. ಕೆಲವರು ಹಿತ್ತಲಲ್ಲಿ ತೋರಿಸುತ್ತಾರೆ. ಮನೆ ಕಟ್ಟಿದಾಗ ಉಪ್ಪು, ಇದ್ದಿಲು ಹಾಕಿ ಪೈಪು ಹೂತದ್ದು, ಆಮೇಲೆ ಒಂದು ಕೊಡ ನೀರು ಕಂಡಿಲ್ಲ. ನಮ್ಮ ಬೇಸಿಗೆಗೆ ಆ ಮಣ್ಣು ಒಣಗಿ ಅರ್ಥಿಂಗ್ ಇದ್ದೂ ಇಲ್ಲದಂತಾಗುತ್ತದೆ. ನೀರು ಹಾಕಿಸಿ, ವೈರ್‌ಮನ್ ಕರೆಸಿ ಅಳೆಸಿದ ಮೇಲೆಯೇ ನಾನು ಕತ್ತರಿ ಕೈಗೆ ತೆಗೆದುಕೊಳ್ಳುವುದು. ದಪ್ಪ ಪಿನ್ನು ಹಿಡಿಸಲಿಲ್ಲ ಎಂದು ಎರಡು ಪಿನ್ನಿನ ಕನ್ವರ್ಟರ್ ಹಾಕಿಕೊಟ್ಟ ಕಾಲವೂ ಒಂದಿತ್ತು. ಯಾರ ಮನೆಯಲ್ಲಿ ಅಂತ ಕೇಳಬೇಡಿ.

2. ಗಾಜನ್ನು ಫರಸಿ ಮೇಲೆ ನಿಲ್ಲಿಸಬೇಡಿ

ಕ್ಯಾಬಿನೆಟ್ಟಿನ ಪಕ್ಕದ ಗಾಜು ಟೆಂಪರ್ಡ್. ನಡುವೆ ಗುದ್ದಿದರೂ ತಾಳುತ್ತದೆ, ಅಂಚಿಗೆ ಕಲ್ಲು ತಾಗಿದರೆ ಮುಗಿಯಿತು. ನಾನು ಬಿಚ್ಚಿ ಪಡಸಾಲೆಯ ಫರಸಿ ಮೇಲೆ ಗೋಡೆಗೆ ಆನಿಸಿದೆ, ಅಷ್ಟೇ. ಟಪ್ ಎಂದು ಕಲ್ಲುಸಕ್ಕರೆಯಷ್ಟು ಚೂರಾಯಿತು. ಈಗ ಮನೆಯವರಿಂದ ಹಳೆ ಕೌದಿಯೊಂದನ್ನು ಕೇಳಿ ಇಸಿದುಕೊಂಡು, ಗಾಜನ್ನು ಅದರ ಮೇಲೆ ಮಲಗಿಸುತ್ತೇನೆ.

3. ಒಳಗೂ ಒಂದು ಪ್ಯಾಕಿಂಗ್ ಇರುತ್ತದೆ

ಜೋಡಿಸಿಯೇ ಬರುವ ಕಂಪ್ಯೂಟರಿನಲ್ಲಿ ಗ್ರಾಫಿಕ್ಸ್ ಕಾರ್ಡು ಲಾರಿಯ ಕುಲುಕಿಗೆ ಮುರಿಯಬಾರದೆಂದು ಹೊಟ್ಟೆಯೊಳಗೆ ಫೋಮು ತುಂಬಿರುತ್ತಾರೆ. ಕಪ್ಪು ಗಾಜಿನ ಹಿಂದೆ ಅದು ಕಾಣುವುದಿಲ್ಲ. ಫೋಮಿನ ಸಮೇತ ಚಾಲೂ ಮಾಡಿ, ಫ್ಯಾನು ಯಾಕೆ ತಿರುಗವಲ್ದು ಎಂದು ತಲೆ ಕೆರೆದುಕೊಂಡಿದ್ದೇನೆ. ಕೂಲರ್ ಬೇರೆ ತಂದು ಕೂಡಿಸುವಾಗ ಅದರ ತಳಕ್ಕೆ ಅಂಟಿಸಿದ ತೆಳು ಪ್ಲಾಸ್ಟಿಕ್ ಹಾಳೆಯದೂ ಇದೇ ಕಥೆ.

4. ಮಾನಿಟರ್ ವೈರು ಮೇಲಿನ ತೂತಿಗಲ್ಲ, ಕೆಳಗಿನದಕ್ಕೆ

ನನ್ನ ಮಾನ ಹೋದದ್ದು ಇದರಲ್ಲೇ. ಎಲ್ಲ ಹಚ್ಚಿದೆ, ಬಣ್ಣದ ದೀಪ ಕುಣಿದವು, ಪರದೆ ಮಾತ್ರ ಕಪ್ಪು. ಮಾನಿಟರ್ ಕೆಟ್ಟಿದೆ ಎಂದು ತೀರ್ಪು ಕೊಟ್ಟು, ಅದನ್ನು ಬೈಕಿನ ಮೇಲೆ ಹೊತ್ತು ಕೊಪ್ಪಳಕ್ಕೆ ಒಯ್ದೆ. ಅಂಗಡಿಯಲ್ಲಿ ಕಣ್ಣು ಕೋರೈಸುವಂತೆ ಹೊತ್ತಿತು. ಅಲ್ಲಿದ್ದ ಹುಡುಗ ಕೇಳಿದ: "ಅಣ್ಣಾ, ವೈರು ಎಲ್ಲಿ ಚುಚ್ಚಿದ್ರಿ?"

ಹಿಂಭಾಗದಲ್ಲಿ ಎಚ್‌ಡಿಎಂಐ ತೂತು ಎರಡು ಕಡೆ ಇರುತ್ತವೆ. ಮೌಸು, ಕೀಬೋರ್ಡಿನ ತೂತುಗಳ ಜೊತೆ ಇರುವುದು ಮದರ್‌ಬೋರ್ಡಿನದು. ಅದರ ಕೆಳಗೆ ಅಡ್ಡಡ್ಡ ಸಾಲಾಗಿರುವುದು ಗ್ರಾಫಿಕ್ಸ್ ಕಾರ್ಡಿನದು. ಹೆಸರಿನ ಕೊನೆಗೆ 'ಎಫ್' ಇರುವ ಇಂಟೆಲ್ ಪ್ರೊಸೆಸರುಗಳಲ್ಲಿ ಚಿತ್ರ ಬಿಡಿಸುವ ಭಾಗವನ್ನೇ ಬಂದ್ ಮಾಡಿರುತ್ತಾರೆ, ಹಾಗಾಗಿ ಮೇಲಿನ ತೂತಿಗೆ ಹಾಕಿದರೆ ಏನೂ ಬರದು. ಎಫ್ ಇಲ್ಲದ್ದಾದರೆ ಇನ್ನೂ ಅಪಾಯ: ಚಿತ್ರ ಬರುತ್ತದೆ, ಆಟ ತೆವಳುತ್ತದೆ, ದುಬಾರಿ ಕಾರ್ಡು ಸುಮ್ಮನೆ ಕೂತಿರುತ್ತದೆ. ಇಷ್ಟು ದುಡ್ಡು ಸುರಿದದ್ದು ಇದಕ್ಕೇನಾ ಎಂದು ಒಬ್ಬ ಹುಡುಗ ತಿಂಗಳುಗಟ್ಟಲೆ ಹಾಗೇ ಆಡಿದ್ದ. ಕೂಡಿಸಿದವನು ನಾನೇ.

5. ಕಪ್ಪು ಪರದೆಗೆ ಸ್ವಲ್ಪ ಟೈಮ್ ಕೊಡಿ

ಡಿಡಿಆರ್5 ರ‍್ಯಾಮ್ ಇರುವ ಹೊಸ ಮದರ್‌ಬೋರ್ಡು ಮೊದಲ ಸಲ ಚಾಲೂ ಆದಾಗ ರ‍್ಯಾಮಿನ ಜೊತೆ ಹೊಂದಾಣಿಕೆ ಮಾಡಿಕೊಳ್ಳುತ್ತಾ ಕೆಲವು ನಿಮಿಷ ಕಪ್ಪಗೇ ಇರುತ್ತದೆ. ಸತ್ತಿತು ಎಂದು ಬಟನ್ ಒತ್ತಿ ಆರಿಸಿದರೆ ಮತ್ತೆ ಮೊದಲಿಂದ ಶುರು. ಚಾ ಕುಡಿದು ಬನ್ನಿ.

6. 144 ಎಂದು ಕೊಂಡದ್ದು 60ರಲ್ಲೇ ಓಡುತ್ತಿರಬಹುದು

144 ಹರ್ಟ್ಸ್ ಮಾನಿಟರನ್ನು ವಿಂಡೋಸ್ ಎಷ್ಟೋ ಸಲ 60ಕ್ಕೆ ಇಟ್ಟುಬಿಟ್ಟಿರುತ್ತದೆ. ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ನಾವೇ ಏರಿಸಬೇಕು. 6000 ಎಂದು ಬರೆದ ರ‍್ಯಾಮು ಸಹ ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡುವವರೆಗೆ ಸಾಮಾನ್ಯವಾಗಿ 4800ರಲ್ಲೇ ಇರುತ್ತದೆ.

7. ಸ್ಟೆಬಿಲೈಸರ್ ದುಡ್ಡನ್ನು ಯುಪಿಎಸ್‌ಗೆ ಹಾಕಿ

ಹೊಲಗಳ ಕಡೆ ತ್ರೀ ಫೇಸ್ ಬಂದ ಹೊತ್ತಿಗೆ ಮೋಟಾರುಗಳೆಲ್ಲ ಒಮ್ಮೆಲೇ ಎದ್ದು, ಊರ ಬಲ್ಬು ಕೆಂಪಗಾಗುತ್ತವೆ. ಅದಕ್ಕೆ ಹೆದರಿ ಭಾರೀ ಸ್ಟೆಬಿಲೈಸರ್ ತಂದಿದ್ದೆ. ಈಗಿನ ಒಳ್ಳೆಯ ಎಸ್‌ಎಂಪಿಎಸ್ ಮೇಲೆ ಬರೆದದ್ದನ್ನು ಓದಿದ್ದರೆ ತರುತ್ತಿರಲಿಲ್ಲ: 100ರಿಂದ 240 ವೋಲ್ಟು. ವೋಲ್ಟೇಜು ಇಳಿದರೆ ಅದಕ್ಕೆ ಲೆಕ್ಕವಿಲ್ಲ. ಕರೆಂಟು ಪಕ್ಕನೆ ಹೋಗುವುದೇ ಪೆಟ್ಟು, ಅದರಲ್ಲೂ ವಿಂಡೋಸ್ ಅಪ್‌ಡೇಟ್ ನಡೆದಿರುವಾಗ.

ಹಾಗಂತ 600 ವಿಎ ಯುಪಿಎಸ್ ಸಾಕು ಅಂದುಕೊಂಡದ್ದು ನನ್ನ ಇನ್ನೊಂದು ಜಾಣತನ. ಮನೆಬಳಕೆಯ ಆ ಡಬ್ಬಿಗಳು ವ್ಯಾಟಿನ ಲೆಕ್ಕದಲ್ಲಿ ಸಾಮಾನ್ಯವಾಗಿ 360. ಬರಹ ಮಾಡುತ್ತಿದ್ದಾಗ ಸುಮ್ಮನಿರುತ್ತದೆ, ಆಟದ ರಭಸದಲ್ಲಿ ಕರೆಂಟು ಹೋದರೆ ಕುಯ್ಯೆಂದು ಒಂದು ಸದ್ದು ಮಾಡಿ ತಾನೂ ಹೋಗುತ್ತದೆ. ಫ್ಯಾನಿಗೆಂದು ತಂದ ಹಳೆಯ ಚೌಕ ಅಲೆಯ ಇನ್ವರ್ಟರಿಗೂ ಈ ಎಸ್‌ಎಂಪಿಎಸ್‌ಗಳಿಗೂ ಸರಿಹೊಂದುವುದಿಲ್ಲ. ಸೈನ್ ವೇವ್ ಇನ್ವರ್ಟರ್ ಬೇಕು. ಆಟ ಸೇವ್ ಮಾಡಿ ಆರಿಸುವಷ್ಟು ಹೊತ್ತು ಸಿಕ್ಕರೆ ಸಾಕು, ಗೆಲ್ಲುವವರೆಗೂ ಬೇಕೆಂದರೆ ಬ್ಯಾಟರಿಗೇ ಸಾಲ ಮಾಡಬೇಕಾದೀತು.

8. ಚಂದಕ್ಕಿಂತ ಜಾಳಿಗೆ ನೋಡಿ

ಮುಂಭಾಗದಲ್ಲೂ ಗಾಜು ಇರುವ ಕ್ಯಾಬಿನೆಟ್ ಅಂಗಡಿಯಲ್ಲಿ ಚಂದ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಹೊರಗೇ 40 ಡಿಗ್ರಿ, ಯಾವ ಫ್ಯಾನೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಪ್ರೊಸೆಸರ್ 95–100ಕ್ಕೆ ಹತ್ತಿರವಾದರೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ರಾತ್ರಿ ಚೆನ್ನಾಗಿ ಓಡಿದ ಆಟ ಮಧ್ಯಾಹ್ನ ತಡವರಿಸಿತೆಂದು ನಾನು ವಿಂಡೋಸನ್ನೇ ಮತ್ತೆ ಹಾಕಿದವನು. ಮುಂದೆ ಜಾಳಿಗೆ ಇರುವ ಪೆಟ್ಟಿಗೆಗೆ ಬದಲಾಯಿಸಿದಾಗ ಕಾಯಿಲೆ ಹೋಯಿತು.

ಜಾಳಿಗೆ ಅಂದಮೇಲೆ ದೂಳು. ರಾಶಿ ಕಾಲದಲ್ಲಿ ಮೆಕ್ಕೆಜೋಳದ ಹೊಟ್ಟು, ಮಣ್ಣಿನ ಮಾಳಿಗೆಯ ಮನೆಯಾದರೆ ಮೇಲಿಂದ ಉದುರುವ ಪುಡಿ, ಗಿಣಿಗೇರಿ ಕಡೆಯಾದರೆ ಕರಿ ಬೂದಿ. ಫಿಲ್ಟರ್ ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಕೊಡವಿದರೆ ಯಾವ ಊರ ಕಂಪ್ಯೂಟರ್ ಎಂದು ಹೇಳಬಹುದು. ಬ್ಲೋವರ್ ಹಿಡಿದಾಗ ಫ್ಯಾನಿನ ರೆಕ್ಕೆಗೆ ಬೆರಳು ಒತ್ತಿ ಹಿಡಿಯಿರಿ. ಗಿರಗಿರ ತಿರುಗುವುದು ಚಂದ ಎಂದು ನೋಡುತ್ತಾ ನಿಂತು ನಾನು ಬೇರಿಂಗ್ ಹಾಳು ಮಾಡಿದ್ದೇನೆ. ಫ್ಯಾನು ಬದಲಾದರೂ ಆ ಮನೆಯವರು ನನ್ನ ಕೈಗೆ ಮತ್ತೆ ಬ್ಲೋವರ್ ಕೊಟ್ಟಿಲ್ಲ.

9. ಆಟ ಮೊದಲು ಇಳಿಯಬೇಕಲ್ಲ

ದೊಡ್ಡ ಆಟಗಳು 100 ಜಿ.ಬಿ. ದಾಟುತ್ತವೆ. ದಿನಕ್ಕೆ 2 ಜಿ.ಬಿ. ಪ್ಯಾಕಿನಲ್ಲಿ ಅದು 50 ದಿನದ ಕೆಲಸ. ಫೈಬರ್ ಸಿಗುವ ಕಡೆ ಒಮ್ಮೆ ಇಳಿಸಿ, ಹೊರಗಿನ ಡಿಸ್ಕಿನಲ್ಲಿ ತಂದು ಹಾಕುವುದು ನಮ್ಮ ರೂಢಿ. ಸ್ಟೀಮ್‌ನಲ್ಲಿ ಅದಕ್ಕೆ ಬ್ಯಾಕಪ್ ಸೌಲಭ್ಯವಿದೆ. ಒಂದೇ ವೈಫೈಯಲ್ಲಿರುವ ಎರಡು ಕಂಪ್ಯೂಟರುಗಳ ನಡುವೆ ನೆಟ್ ಖರ್ಚಿಲ್ಲದೆ ಆಟ ದಾಟಿಸುವುದೂ 2023ರಿಂದ ಸಾಧ್ಯ. ವಿಂಡೋಸ್ 11 ಮೊದಲ ಸೆಟಪ್ಪಿಗೇ ನೆಟ್ ಕೇಳುತ್ತದೆ, ಆದ್ದರಿಂದ ಮೊಬೈಲಿನಿಂದ ಹಾಟ್‌ಸ್ಪಾಟ್ ಕೊಡಲು ಒಂದಿಷ್ಟು ಡೇಟಾ ಉಳಿಸಿಟ್ಟುಕೊಳ್ಳಿ.

10. ಪಾಣಿ ಕೇಳಿಕೊಂಡು ಬರುತ್ತಾರೆ

ದೀಪ ಮಿನುಗುವ ಪೆಟ್ಟಿಗೆ ಬಂದ ಸುದ್ದಿ ಹಬ್ಬಿದ ಕೂಡಲೇ ಪಕ್ಕದ ಮನೆಯ ಹಿರಿಯರು ಬಾಗಿಲಲ್ಲಿ: "ತಮ್ಮಾ, ಇದ್ರಾಗ ನಮ್ಮ ಪಾಣಿ ಬರ್ತೈತೇನು?" ಬರುತ್ತದೆ, ಭೂಮಿ ಜಾಲತಾಣ ಅದಕ್ಕೇ ಇರುವುದು. ಮೊದಮೊದಲು ಇದು ಆಟದ ಯಂತ್ರ ಎಂದು ವಾದಿಸುತ್ತಿದ್ದೆ. ಈಗ ಸೆಟಪ್ ಮಾಡುವಾಗಲೇ ಎರಡು ಖಾತೆ ತೆರೆಯುತ್ತೇನೆ. ಆಟದ್ದಕ್ಕೆ ಪಾಸ್‌ವರ್ಡು. ಇನ್ನೊಂದರಲ್ಲಿ ಕನ್ನಡ ಕೀಲಿಮಣೆ, ನುಡಿ ತಂತ್ರಾಂಶ, ಪ್ರಿಂಟರ್. ಪಾಣಿ, ಫಲಿತಾಂಶ, ಅರ್ಜಿ ಎಲ್ಲ ಅದರಲ್ಲಿ. ಅವರಿವರ ಆಧಾರ್ ಪ್ರತಿಗಳು ಅದರ ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ರಾಶಿ ಬೀಳುತ್ತವೆ. ಪ್ರಿಂಟ್ ತೆಗೆದ ಕೂಡಲೇ ಅಳಿಸಿ, ರಿಸೈಕಲ್ ಬಿನ್ನನ್ನೂ ಖಾಲಿ ಮಾಡುವಂತೆ ಕಂಪ್ಯೂಟರಿನ ಒಡೆಯನಿಗೆ ಹೇಳಿಯೇ ನಾನು ಅಲ್ಲಿಂದ ಏಳುವುದು.