ದವಾಖಾನೆಯ ಮಾತು: ರೋಗಿಯ ಆರೈಕೆಗೆ ಬೇಕಾದ ಮೊದಲ ಪದಗಳು



ಅಬ್ಬೆತುಮಕೂರಿನ ಕಡೆಯ ಒಬ್ಬ ಅಜ್ಜಿ ಯಾದಗಿರಿಯ ಆಸ್ಪತ್ರೆಯಲ್ಲಿ ಮಲಗಿದ್ದಾರೆ ಎಂದುಕೊಳ್ಳಿ. ಈಗಷ್ಟೇ ಇಂಜೆಕ್ಷನ್ ಆಗಿದೆ. ಸ್ವಲ್ಪ ಹೊತ್ತಿನಲ್ಲೇ ಅಜ್ಜಿ, "ಯವ್ವಾ, ಮೈತುಂಬ ತಿಂಡಿ ಎದ್ದದ" ಎನ್ನುತ್ತಾರೆ. ಮೈಸೂರು ಕಡೆಯಿಂದ ಬಂದ ನರ್ಸ್‌ಗೆ ತಿಂಡಿ ಎಂದರೆ ಇಡ್ಲಿ, ಉಪ್ಪಿಟ್ಟು. ನಮ್ಮ ಕಡೆ ತಿಂಡಿ ಎಂದರೆ ತುರಿಕೆ. ಇಂಜೆಕ್ಷನ್ ಆದ ಮೇಲೆ ಮೈತುಂಬ ತುರಿಕೆ ಎದ್ದರೆ ಅದು ಔಷಧ ಒಗ್ಗದಿರುವುದರ, ಅಂದರೆ ಅಲರ್ಜಿಯ ಗುರುತಾಗಿರಬಹುದು. ಜೊತೆಗೆ ತುಟಿ, ಮುಖ ಬಾತು ಉಸಿರು ಕಟ್ಟಿದರೆ ನಿಮಿಷಗಳಲ್ಲೇ ಜೀವಕ್ಕೆ ಅಪಾಯ. ಆ ಒಂದು ಪದ ಗೊತ್ತಿರುವವರು ಹಾಸಿಗೆಯ ಪಕ್ಕದಲ್ಲಿ ಇರಬೇಕು. ನಾಳೆ ಅದು ನೀವೇ ಆಗಿರಬಹುದು.

ಯಾದಗಿರಿ 2009ರ ಡಿಸೆಂಬರ್ 30ರಂದು ಜಿಲ್ಲೆಯಾಯಿತು. 2022ರಲ್ಲಿ ಇಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂತು. ಪಿಯುಸಿ ಮುಗಿಸಿ ನರ್ಸಿಂಗ್‌ಗೆ, ಇಲ್ಲವೇ ಜನರಲ್ ಡ್ಯೂಟಿ ಅಸಿಸ್ಟೆಂಟ್ ತರಬೇತಿಗೆ ಹೋಗಬೇಕೆನ್ನುವವರು ನಮ್ಮಲ್ಲಿದ್ದಾರೆ. ಅವರಿಗೂ, ಮನೆಯಲ್ಲಿ ಅಜ್ಜ-ಅಜ್ಜಿಯ ಆರೈಕೆ ಮಾಡುವ ಉಳಿದವರಿಗೂ ಈ ಪಾಠ.

1. ರೋಗಿಯ ಮಾತು

ಆಸ್ಪತ್ರೆಯ ಪದಗಳಿಗಿಂತ ಮೊದಲು ಕಲಿಯಬೇಕಾದದ್ದು ರೋಗಿಯ ಪದಗಳನ್ನು. ನಮ್ಮ ವಾರ್ಡುಗಳಲ್ಲಿ ಕನ್ನಡ, ದಖನಿ ಉರ್ದು, ತೆಲುಗು, ಲಂಬಾಣಿ ಎಲ್ಲವೂ ಕೇಳುತ್ತವೆ. ಒಂದೇ ಪದಕ್ಕೆ ಎರಡು ಅರ್ಥವಿರುವುದೂ ಉಂಟು.

ಕಡಿತ: "ಹೊಟ್ಟಿ ಕಡಿಲಕತ್ತದ" ಎಂದರೆ ಹೊಟ್ಟೆ ಹಿಂಡುವ ನೋವು. "ಮೈ ಕಡಿಲಕತ್ತದ" ಎಂದರೆ ತುರಿಕೆ.

ಬ್ಯಾನಿ: ಯಾವುದೇ ರೋಗಕ್ಕೂ ಬ್ಯಾನಿ, ನೋವಿಗೂ ಬ್ಯಾನಿ. ಗರ್ಭಿಣಿಯ ಮನೆಯವರು "ಬ್ಯಾನಿ ಸುರು ಆಗ್ಯಾವ" ಎಂದರೆ ಹೆರಿಗೆ ನೋವು. ಕೂಡಲೇ ನರ್ಸ್‌ಗೆ ತಿಳಿಸಬೇಕು.

ಹೊರಕಡಿ: "ಹೊರಕಡಿ ಹೋಗ್ಯಾರ" ಎಂದರೆ ಮಲವಿಸರ್ಜನೆಗೆ. "ಹೊರಗ ಆಗ್ಯಾಳ" ಎಂದರೆ ಮುಟ್ಟು. ಕೇಳಲು ಸಂಕೋಚಪಟ್ಟು ಒಂದರ ಬದಲು ಇನ್ನೊಂದನ್ನು ಬರೆದರೆ ಚಿಕಿತ್ಸೆಯೇ ದಾರಿ ತಪ್ಪುತ್ತದೆ.

ದಮ್ಮು: ಏದುಸಿರು, ಉಸಿರಾಟದ ತೊಂದರೆ.

ಚಕ್ಕರ್: ತಲೆಸುತ್ತು. ಎದ್ದು ನಿಂತರೆ ಬೀಳಬಹುದು, ಒಬ್ಬರನ್ನೇ ಶೌಚಾಲಯಕ್ಕೆ ಕಳಿಸಬಾರದು.

ಗಾಬರಿ, ಘಬ್ರಾಹಟ್: ಇದು ಬರೀ ಹೆದರಿಕೆಯಲ್ಲ. ಎದೆ ಡವಡವ ಎನ್ನುವುದಕ್ಕೂ, ಒಳಗೊಳಗೇ ಸಂಕಟವಾಗುವುದಕ್ಕೂ ಜನ ಇದೇ ಪದ ಬಳಸುತ್ತಾರೆ. ಬೆವರು, ಎದೆಯ ಬಿಗಿತ, ಎಡಗೈ ಅಥವಾ ದವಡೆಯ ನೋವು ಇದೆಯೇ ಎಂದು ಕೇಳಿ. ಇದ್ದರೆ ಅದು ಹೃದಯಾಘಾತವಾಗಿರಬಹುದು. "ಗ್ಯಾಸ್ ಇರಬೇಕು ಬಿಡ್ರಿ" ಎಂದು ನೀವು ತೀರ್ಮಾನಿಸಬೇಡಿ.

2. ಐದು ಅಳತೆಗಳು

ಇವನ್ನು ವೈಟಲ್ ಸೈನ್ಸ್, ಅಂದರೆ ಜೀವಲಕ್ಷಣಗಳು ಎನ್ನುತ್ತಾರೆ. ವಿಶ್ರಾಂತಿಯಲ್ಲಿರುವ ವಯಸ್ಕರಿಗೆ ಸಾಮಾನ್ಯ ಅಂಕಿಗಳು ಹೀಗಿವೆ:

ಟೆಂಪರೇಚರ್, ದೇಹದ ಶಾಖ: ಸುಮಾರು 98.6 ಡಿಗ್ರಿ ಫ್ಯಾರನ್‌ಹೀಟ್. 100.4 ದಾಟಿದರೆ ಜ್ವರ.
ಪಲ್ಸ್, ನಾಡಿ: ನಿಮಿಷಕ್ಕೆ 60ರಿಂದ 100.
ರೆಸ್ಪಿರೇಷನ್, ಉಸಿರಾಟ: ನಿಮಿಷಕ್ಕೆ 12ರಿಂದ 20. ಎಣಿಸುವಾಗ ರೋಗಿಗೆ ಹೇಳಬೇಡಿ. ಹೇಳಿದರೆ ಅವರ ಉಸಿರಿನ ಲಯ ಬದಲಾಗುತ್ತದೆ.
ಬಿಪಿ, ರಕ್ತದೊತ್ತಡ: ಸುಮಾರು 120/80.
ಎಸ್‌ಪಿಒ2, ರಕ್ತದ ಆಮ್ಲಜನಕ: ಶೇ. 95ರಿಂದ 100. ಬೆರಳಿಗೆ ಉಗುರುಬಣ್ಣ ಅಥವಾ ಗಾಢ ಮೆಹಂದಿ ಇದ್ದರೆ ಯಂತ್ರ ಸರಿಯಾಗಿ ಓದದಿರಬಹುದು. ಬೇರೆ ಬೆರಳು ನೋಡಿ.

ಇದರ ಜೊತೆಗೆ ಇಂಟೇಕ್-ಔಟ್‌ಪುಟ್ ಎಂಬ ಲೆಕ್ಕವಿದೆ. ರೋಗಿ ಎಷ್ಟು ಕುಡಿದರು, ಎಷ್ಟು ಮೂತ್ರ ಹೋಯಿತು ಎಂಬುದನ್ನು ಮಿಲಿಲೀಟರ್‌ನಲ್ಲಿ ಬರೆಯಬೇಕು. "ಒಂದು ಚರಗಿ ನೀರು ಕುಡಿದ್ರು" ಎಂಬುದು ಅಳತೆಯಲ್ಲ. ಒಂದೊಂದು ಮನೆಯ ಚರಗಿ ಒಂದೊಂದು ಗಾತ್ರ.

3. ಪದದ ತಲೆ ಮತ್ತು ಬಾಲ

ವೈದ್ಯರ ಉದ್ದುದ್ದ ಪದಗಳಿಗೆ ಹೆದರಬೇಕಿಲ್ಲ. ಹೆಚ್ಚಿನವು ಗ್ರೀಕ್, ಲ್ಯಾಟಿನ್ ತುಂಡುಗಳನ್ನು ಜೋಡಿಸಿ ಮಾಡಿದವು. ಅರಬಿಯಿಂದ ಬಂದವೂ ಇವೆ. ಮಕ್ಕಳಿಗೆ ಕೊಡುವ ಸಿರಪ್ ಮತ್ತು ನಾವು ಕುಡಿಯುವ ಶರಬತ್ತು, ಎರಡೂ "ಕುಡಿ" ಎಂಬ ಅರ್ಥದ ಒಂದೇ ಅರಬಿ ಧಾತುವಿನಿಂದ ಹುಟ್ಟಿದವು. ನಮ್ಮ ದವಾಖಾನೆಯಲ್ಲೂ ದವಾ ಅರಬಿ, ಖಾನೆ ಪಾರಸಿ. ಕೆಲವು ತುಂಡುಗಳು ಗೊತ್ತಿದ್ದರೆ ಹತ್ತಾರು ಪದಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಟ್ಯಾಕಿ ಎಂದರೆ ವೇಗ, ಬ್ರಾಡಿ ಎಂದರೆ ನಿಧಾನ. ಟ್ಯಾಕಿಕಾರ್ಡಿಯಾ ಎಂದರೆ ಹೃದಯ ವೇಗವಾಗಿ ಬಡಿಯುವುದು.
ಐಟಿಸ್ ಎಂದರೆ ಉರಿಯೂತ. ಗ್ಯಾಸ್ಟ್ರೈಟಿಸ್ ಜಠರದ ಉರಿಯೂತ.
ಎಕ್ಟಮಿ ಎಂದರೆ ಕತ್ತರಿಸಿ ತೆಗೆಯುವುದು. ಅಪೆಂಡೆಕ್ಟಮಿ ಎಂದರೆ ಅಪೆಂಡಿಕ್ಸ್ ತೆಗೆಯುವ ಶಸ್ತ್ರಚಿಕಿತ್ಸೆ.
ಹೈಪರ್ ಎಂದರೆ ಹೆಚ್ಚು, ಹೈಪೋ ಎಂದರೆ ಕಡಿಮೆ.

ಕೊನೆಯ ಜೋಡಿಯನ್ನು ಎರಡು ಸಲ ಓದಿ. ಹೈಪರ್‌ಗ್ಲೈಸೀಮಿಯಾ ಎಂದರೆ ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದೆ. ಹೈಪೋಗ್ಲೈಸೀಮಿಯಾ ಎಂದರೆ ಇಳಿದಿದೆ, ಸಾಮಾನ್ಯವಾಗಿ 70ಕ್ಕಿಂತ ಕೆಳಗೆ. ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟವರಲ್ಲಿ ಇದು ಬೇಗ ಆಗುತ್ತದೆ. ರೋಜಾ ಇರುವ ಮಧುಮೇಹಿಗಳು ಮೊದಲೇ ವೈದ್ಯರ ಸಲಹೆ ಪಡೆಯಬೇಕು ಎನ್ನುವುದು ಇದಕ್ಕೇ. ಬೆವರು, ನಡುಕ, ಹಸಿವು, ತೊದಲು ಮಾತು ಇದರ ಗುರುತು. ಎಚ್ಚರವಿದ್ದು ನುಂಗಲು ಬಂದರೆ ಸಕ್ಕರೆ ನೀರು ಜೀವ ಉಳಿಸುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಉಸಿರುನಾಳಕ್ಕೆ ಹೋಗುತ್ತದೆ. ಎರಡೂ ಸಂದರ್ಭದಲ್ಲಿ ಕೂಡಲೇ ನರ್ಸ್ ಅನ್ನು ಕರೆಯಿರಿ. ಮನೆಯಲ್ಲಿದ್ದರೆ 108ಕ್ಕೆ ಕರೆ ಮಾಡಿ.

4. ಚಾರ್ಟಿನ ಚಿಕ್ಕ ಅಕ್ಷರಗಳು

ಓ.ಡಿ.: ದಿನಕ್ಕೆ ಒಮ್ಮೆ. ಆದರೆ ಕಣ್ಣಿನ ಚೀಟಿಯಲ್ಲಿ ಇದೇ ಅಕ್ಷರಗಳಿಗೆ ಬಲಗಣ್ಣು ಎಂದರ್ಥ.
ಬಿ.ಡಿ.: ದಿನಕ್ಕೆ ಎರಡು ಸಲ. ಕೇಳಿದವರು ಔಷಧ "ಬಿಡಿ" ಎಂದು ತಿಳಿಯದಂತೆ ಬಿಡಿಸಿ ಹೇಳಿ.
ಟಿ.ಡಿ.ಎಸ್.: ದಿನಕ್ಕೆ ಮೂರು ಸಲ.
ಎಚ್.ಎಸ್.: ಮಲಗುವಾಗ.
ಎಸ್.ಒ.ಎಸ್.: ಅಗತ್ಯ ಬಿದ್ದರೆ ಮಾತ್ರ.
ಸ್ಟ್ಯಾಟ್: ಈಗಲೇ, ತಡಮಾಡದೆ.
ಎನ್.ಬಿ.ಎಂ.: ಬಾಯಿಗೆ ಏನನ್ನೂ ಕೊಡಬಾರದು.

ಎನ್.ಬಿ.ಎಂ. ಬೋರ್ಡನ್ನು ಮಂಚಕ್ಕೆ ತೂಗುಹಾಕಿದರೆ ಸಾಲದು. ಊರಿಂದ ಬಂದ ಮಗಳಿಗೆ ಆ ಅಕ್ಷರ ತಿಳಿಯದು. ತಾಯಿ ಹಸಿದಿದ್ದಾಳೆಂದು ಪ್ರೀತಿಯಿಂದ ಚಹಾ ಕುಡಿಸುತ್ತಾಳೆ. ಹೊಟ್ಟೆಯಲ್ಲಿ ಏನಾದರೂ ಇದ್ದಾಗ ಅರಿವಳಿಕೆ ಕೊಟ್ಟರೆ ಅದು ವಾಂತಿಯಾಗಿ ಶ್ವಾಸಕೋಶ ಸೇರಬಹುದು. ಹಾಗಾಗಿ ಆಪರೇಷನ್ ಮುಂದಕ್ಕೆ ಹೋಗುತ್ತದೆ. "ಅಮ್ಮಾ, ಆಪರೇಷನ್ ಆಗೋ ತನಕ ನೀರೂ ಬ್ಯಾಡ, ಚಾನೂ ಬ್ಯಾಡ" ಎಂದು ಅವರ ಮಾತಿನಲ್ಲೇ ಹೇಳಿ, ಅವರಿಂದ ಒಮ್ಮೆ ತಿರುಗಿ ಹೇಳಿಸಿ. ಔಷಧ ಕೊಡುವುದು ಸಹಾಯಕರ ಕೆಲಸವಲ್ಲ, ಆದರೆ ಅಕ್ಷರ ಅರಿತಿರುವುದು ಅವರ ಕೆಲಸವೇ.

5. ವರದಿ ಮಾಡುವ ಕ್ರಮ

ರೋಗಿ ಹೇಳಿದ್ದನ್ನು ಮೊದಲು ಅವರದೇ ಪದದಲ್ಲಿ ಹೇಳಿ, ಆಮೇಲೆ ಅದರ ಅರ್ಥ, ಆಮೇಲೆ ಸಮಯ ಮತ್ತು ಅಂಕಿ. ಉದಾಹರಣೆ: "ಸಿಸ್ಟರ್, 4ನೇ ಬೆಡ್ಡಿನ ಅಜ್ಜಿ ತಿಂಡಿ ಎದ್ದದ ಅಂತಾರೆ, ಅಂದರೆ ತುರಿಕೆ. ಇಂಜೆಕ್ಷನ್ ಆಗಿ ಹತ್ತು ನಿಮಿಷ. ಪಲ್ಸ್ 116." ರೋಗದ ಹೆಸರನ್ನು ನೀವು ಸೇರಿಸಬೇಡಿ. ಪದ ತಿಳಿಯದಿದ್ದರೆ "ಇದರ ಅರ್ಥವೇನು?" ಎಂದು ಕೇಳಿ. ಕೇಳುವುದು ಅವಮಾನವಲ್ಲ. ತಿಳಿದವರಂತೆ ತಲೆಯಾಡಿಸುವುದು ಅಪಾಯ.

ಅಭ್ಯಾಸ

1. "ದಮ್ಮು", "ಚಕ್ಕರ್", "ಗಾಬರಿ" ಇವುಗಳಲ್ಲಿ ಪ್ರತಿಯೊಂದನ್ನೂ ಕೇಳಿದಾಗ ನೀವು ರೋಗಿಗೆ ಕೇಳುವ ಮುಂದಿನ ಪ್ರಶ್ನೆ ಯಾವುದು?
2. ಬ್ರಾಡಿಕಾರ್ಡಿಯಾ, ಹೈಪೋಟೆನ್ಷನ್, ಟಾನ್ಸಿಲೆಕ್ಟಮಿ: ಬಿಡಿಸಿ ಅರ್ಥ ಬರೆಯಿರಿ.
3. ಮನೆಯ ಒಬ್ಬರ ನಾಡಿ ಮತ್ತು ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ ಬರೆಯಿರಿ.
4. ನಿಮ್ಮ ಊರಿನ ಹಿರಿಯರು ನೋವಿಗೆ, ರೋಗಕ್ಕೆ ಬಳಸುವ ಹತ್ತು ಪದಗಳನ್ನು ಕೇಳಿ ಬರೆದು ತನ್ನಿ. ಯಾವ ಭಾಷೆಯದಾದರೂ ಸರಿ. ತರಗತಿಯಲ್ಲಿ ಸೇರಿಸಿದರೆ ಅದೇ ನಮ್ಮ ಜಿಲ್ಲೆಯ ಆರೈಕೆಯ ನಿಘಂಟು ಆಗುತ್ತದೆ.