ಗಣಕಯಂತ್ರ ತಾನಾಗಿಯೇ ರೀಸ್ಟಾರ್ಟ್ ಆದರೆ ತಪ್ಪು ಯಾರದು?

ಮಕ್ಕಳೇ, ಕುಂದಾಪುರದಿಂದ ಬೈಂದೂರಿಗೆ ಹೋಗುವ ಹೆದ್ದಾರಿಯಲ್ಲಿ ಮರವಂತೆಯನ್ನು ನೋಡಿದ್ದೀರಲ್ಲವೇ? ರಸ್ತೆಯ ಒಂದು ಬದಿಗೆ ಅರಬ್ಬಿ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಅಂಥ ಕಡಲ ತೀರದ ಒಂದು ಶಾಲೆಯನ್ನು ಊಹಿಸಿಕೊಳ್ಳಿ. ಅಲ್ಲಿ ಯಾರೋ ದಾನವಾಗಿ ಕೊಟ್ಟ ಹಳೆಯ ಗಣಕಯಂತ್ರವೊಂದಿದೆ. ಚಿತ್ರಪಾಠಗಳು ಚೆನ್ನಾಗಿ ಕಾಣಲೆಂದು ಒಂದು ಶನಿವಾರ ಅದಕ್ಕೆ ಎರಡು ಹೊಸ ಭಾಗಗಳನ್ನು ಹಾಕಿಸಿದರು: ಒಂದು ರ‍್ಯಾಮ್, ಅಂದರೆ ತಾತ್ಕಾಲಿಕ ಸ್ಮರಣೆಯ ಪಟ್ಟಿ, ಇನ್ನೊಂದು ಚಿತ್ರಗಳನ್ನು ಮೂಡಿಸುವ ಗ್ರಾಫಿಕ್ಸ್ ಕಾರ್ಡ್.

ಸೋಮವಾರ ಏಳನೆಯ ತರಗತಿಯ ಮಕ್ಕಳು ಗೋಡೆಪತ್ರಿಕೆಗಾಗಿ ಮೀನುಗಾರಿಕೆ ದೋಣಿಯ ಚಿತ್ರ ಬಿಡಿಸುತ್ತಿದ್ದರು. ಇದ್ದಕ್ಕಿದ್ದಂತೆ ಪರದೆ ಕಪ್ಪಾಯಿತು. ಗಣಕಯಂತ್ರ ತಾನಾಗಿಯೇ ಮತ್ತೆ ಶುರುವಾಯಿತು. ಮುಕ್ಕಾಲು ಗಂಟೆಯ ಕೆಲಸ ಮಾಯ! ಮಧ್ಯಾಹ್ನ ಮತ್ತೆ ಹಾಗೆಯೇ ಆಯಿತು. "ಹೊಸ ಕಾರ್ಡೇ ಸರಿಯಿಲ್ಲ, ಹಿಂದಕ್ಕೆ ಕೊಡೋಣ" ಎಂದರು ಕೆಲವರು. "ಅಲ್ಲ, ರ‍್ಯಾಮ್ ಕೆಟ್ಟಿದೆ" ಎಂದರು ಮತ್ತೆ ಕೆಲವರು.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂಬ ಗಾದೆ ನಿಮಗೆ ಗೊತ್ತು. ಕೊಂಬೆ ಮುರಿದದ್ದು ಕಾಗೆಯಿಂದಲೋ, ಅದು ಮೊದಲೇ ಟೊಳ್ಳಾಗಿತ್ತೋ? ಇದನ್ನು ಊಹೆಯಿಂದ ಹೇಳಲಾಗದು. ಪರೀಕ್ಷೆ ಮಾಡಿಯೇ ತಿಳಿಯಬೇಕು.

ಗಣಕಯಂತ್ರ ಏಕೆ ರೀಸ್ಟಾರ್ಟ್ ಆಗುತ್ತದೆ?

ನಮ್ಮ ಮನೆಗೆ ಬರುವುದು 230 ವೋಲ್ಟಿನ ಪರ್ಯಾಯ ವಿದ್ಯುತ್ತು. ಗಣಕಯಂತ್ರದ ಒಳಭಾಗಗಳಿಗೆ ಇದು ಆಗದು. ಪೆಟ್ಟಿಗೆಯೊಳಗಿರುವ ಎಸ್.ಎಂ.ಪಿ.ಎಸ್. ಎಂಬ ವಿದ್ಯುತ್ ಪೂರೈಕೆ ಘಟಕವು ಇದನ್ನು 12, 5 ಮತ್ತು 3.3 ವೋಲ್ಟಿನ ನೇರ ವಿದ್ಯುತ್ತಾಗಿ ಬದಲಾಯಿಸಿ ಹಂಚುತ್ತದೆ. ಈ ವೋಲ್ಟೇಜುಗಳು ಶೇಕಡಾ 5ಕ್ಕಿಂತ ಹೆಚ್ಚು ಏರುಪೇರಾಗಬಾರದು. ಅಂದರೆ 12 ವೋಲ್ಟಿನ ತಂತಿಯಲ್ಲಿ 11.4ಕ್ಕಿಂತ ಕಡಿಮೆ ಇರಬಾರದು.

ಎಲ್ಲವೂ ಸರಿಯಿರುವವರೆಗೆ ಎಸ್.ಎಂ.ಪಿ.ಎಸ್. ಒಂದು ತಂತಿಯ ಮೂಲಕ "ವಿದ್ಯುತ್ ಸರಿಯಿದೆ" ಎಂಬ ಸಂಕೇತವನ್ನು ಕಳುಹಿಸುತ್ತಲೇ ಇರುತ್ತದೆ. ವೋಲ್ಟೇಜ್ ತೀರಾ ಕುಸಿದರೆ ಆ ಸಂಕೇತ ನಿಲ್ಲುತ್ತದೆ. ಕೂಡಲೇ ಪ್ರೊಸೆಸರ್ ಕೆಲಸ ನಿಲ್ಲಿಸುತ್ತದೆ. ಸಂಕೇತ ಮರಳಿ ಬಂದಾಗ ಮೊದಲಿನಿಂದ ಶುರುಮಾಡುತ್ತದೆ. ಕಡಿಮೆ ವಿದ್ಯುತ್ತಿನಲ್ಲಿ ತಪ್ಪು ಲೆಕ್ಕ ಮಾಡುವುದಕ್ಕಿಂತ ನಿಲ್ಲಿಸುವುದೇ ಮೇಲು, ಅಲ್ಲವೇ? ಆದ್ದರಿಂದ ರೀಸ್ಟಾರ್ಟ್ ಎಂಬುದು ರೋಗವಲ್ಲ. ಜ್ವರದ ಹಾಗೆ ರೋಗದ ಲಕ್ಷಣ.

ಚಂದ್ರನ ಮೇಲಿಳಿಯುವಾಗಲೂ!

1969ರ ಜುಲೈ 20ರಂದು ಅಪೊಲೊ 11 ನೌಕೆಯ ಯಾತ್ರಿಗಳು ಚಂದ್ರನ ಮೇಲೆ ಇಳಿಯುತ್ತಿದ್ದರು. ಆಗ ಅವರ ಗಣಕಯಂತ್ರ "1202" ಎಂಬ ಎಚ್ಚರಿಕೆ ತೋರಿಸಿತು. ಆ ಕ್ಷಣದಲ್ಲಿ ಬೇಡವಾಗಿದ್ದ ಒಂದು ರಾಡಾರಿನ ಸಂಕೇತಗಳು ಅದರ ಸಮಯವನ್ನು ತಿನ್ನುತ್ತಿದ್ದವು. ಹೊರೆ ಹೆಚ್ಚಾಗಿ ಅದು ಹಲವು ಬಾರಿ ರೀಸ್ಟಾರ್ಟ್ ಆಯಿತು. ಆದರೆ ಪ್ರತಿ ಬಾರಿಯೂ ಕಡಿಮೆ ಮಹತ್ವದ ಕೆಲಸಗಳನ್ನು ಕೈಬಿಟ್ಟು, ಇಳಿಯಲು ಬೇಕಾದ ಲೆಕ್ಕಗಳನ್ನು ಮುಂದುವರಿಸಿತು. ಯಾತ್ರಿಗಳು ಸುರಕ್ಷಿತವಾಗಿ ಇಳಿದರು. ಭೂಮಿಯಲ್ಲಿದ್ದ ಎಂಜಿನಿಯರುಗಳಿಗೆ ಆ ಸಂಖ್ಯೆಯ ಅರ್ಥ ತಿಳಿದಿದ್ದುದರಿಂದ ಯಾರೂ ಗಾಬರಿಯಾಗಿ ಹಿಂದಿರುಗಲಿಲ್ಲ.

ಮೊದಲು ಸುಳಿವು ಬರೆದಿಡಿ

ನಮ್ಮ ಶಾಲೆಯ ಒಬ್ಬ ಹುಡುಗಿ ಒಂದು ನೋಟುಪುಸ್ತಕ ಇಟ್ಟಳು. ಗಣಕಯಂತ್ರ ಎಷ್ಟು ಗಂಟೆಗೆ ನಿಂತಿತು, ಆಗ ಏನು ಕೆಲಸ ನಡೆಯುತ್ತಿತ್ತು ಎಂದು ಬರೆದಳು. ಹೀಗೆ ಬರೆದರೆ ಏನು ತಿಳಿಯುತ್ತದೆ ನೋಡಿ:

• ಚಿತ್ರ ಅಥವಾ ಆಟ ತೆರೆದ ಕೂಡಲೇ ನಿಂತರೆ, ವಿದ್ಯುತ್ ಪೂರೈಕೆ ಸಾಲುತ್ತಿಲ್ಲವೇ ಎಂದು ನೋಡಬೇಕು.
• ಶುರುಮಾಡಿ ಇಪ್ಪತ್ತು ನಿಮಿಷದ ಬಳಿಕ, ಅದೂ ಸೆಖೆಯ ಮಧ್ಯಾಹ್ನ ನಿಂತರೆ, ಬಿಸಿಯ ಮೇಲೆ ಅನುಮಾನ. ಫ್ಯಾನು ತಿರುಗುತ್ತಿದೆಯೇ? ಧೂಳು ಕಟ್ಟಿದೆಯೇ?
• ಹೊತ್ತುಗೊತ್ತಿಲ್ಲದೆ, ಅಕ್ಷರಗಳಿರುವ ನೀಲಿ ಪರದೆ ಕಾಣಿಸಿ ನಿಂತರೆ, ರ‍್ಯಾಮ್ ಬಿಗಿಯಾಗಿ ಕೂತಿಲ್ಲದಿರಬಹುದು ಅಥವಾ ಕೆಟ್ಟಿರಬಹುದು. ತಂತ್ರಾಂಶದ ದೋಷವೂ ಇರಬಹುದು.
• ಪಕ್ಕದ ತೋಟದ ಪಂಪು ಶುರುವಾಗಿ ಬಲ್ಬು ಮಂಕಾದಾಗ ನಿಂತರೆ, ಹೊರಗಿನ ವಿದ್ಯುತ್ತನ್ನೂ ಯು.ಪಿ.ಎಸ್. ಬ್ಯಾಟರಿಯನ್ನೂ ಪರೀಕ್ಷಿಸಬೇಕು.

ಹುಡುಗಿಯ ಪುಸ್ತಕದಲ್ಲಿ ಏನಿತ್ತು? ಅಕ್ಷರ ಟೈಪ್ ಮಾಡುವಾಗ ಒಮ್ಮೆಯೂ ನಿಂತಿರಲಿಲ್ಲ. ಚಿತ್ರಪಾಠ ಓಡುವಾಗ ಮಾತ್ರ, ಸುಮಾರು ಅರ್ಧ ಗಂಟೆಗೊಮ್ಮೆ ನಿಲ್ಲುತ್ತಿತ್ತು.

ಒಂದು ಬಾರಿಗೆ ಒಂದೇ ಬದಲಾವಣೆ

ಎರಡು ಭಾಗಗಳನ್ನು ಒಂದೇ ದಿನ ಹಾಕಿದ್ದರಿಂದ ತಪ್ಪು ಯಾವುದರದು ಎಂದು ತಿಳಿಯುವಂತಿರಲಿಲ್ಲ. ಈಗ ಶಿಕ್ಷಕರು ರಿಪೇರಿಯವರ ನೆರವಿನಿಂದ ಒಂದೊಂದಾಗಿ ಪರೀಕ್ಷೆ ಮಾಡಿದರು.

ಪರೀಕ್ಷೆ 1: ಹೊಸ ರ‍್ಯಾಮ್ ಮಾತ್ರ ತೆಗೆದರು. ಆದರೂ ರೀಸ್ಟಾರ್ಟ್ ಆಯಿತು. ರ‍್ಯಾಮನ್ನು ಮರಳಿ ಹಾಕಿದರು.

ಪರೀಕ್ಷೆ 2: ಗ್ರಾಫಿಕ್ಸ್ ಕಾರ್ಡ್ ಮಾತ್ರ ತೆಗೆದರು. ಹತ್ತು ನಿಮಿಷ ಚೆನ್ನಾಗಿ ಓಡಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಆಗ ಹುಡುಗಿ ಕೇಳಿದಳು: "ಟೀಚರ್, ಅರ್ಧ ಗಂಟೆಗೊಮ್ಮೆ ಬರುವ ತೊಂದರೆ ಹತ್ತು ನಿಮಿಷದಲ್ಲಿ ಬಾರದಿದ್ದರೆ ಅದು ಹೋಯಿತು ಎನ್ನಬಹುದೇ?" ಒಳ್ಳೆಯ ಪ್ರಶ್ನೆ! ಇಡೀ ದಿನ ಓಡಿಸಿ ನೋಡಿದರು. ಒಮ್ಮೆಯೂ ನಿಲ್ಲಲಿಲ್ಲ.

ಹಾಗಾದರೆ ಕಾರ್ಡೇ ಕೆಟ್ಟಿದೆಯೇ? ಅವಸರ ಬೇಡ.

ಪರೀಕ್ಷೆ 3: ಅದೇ ಕಾರ್ಡನ್ನು ಕಚೇರಿಯ ಗಣಕಯಂತ್ರಕ್ಕೆ ಹಾಕಿದರು. ಅಲ್ಲಿ ಅದು ಎರಡು ದಿನ ತೊಂದರೆಯಿಲ್ಲದೆ ಓಡಿತು!

ಕಾರ್ಡ್ ಸರಿಯಿದೆ, ಗಣಕಯಂತ್ರವೂ ಕಾರ್ಡ್ ಇಲ್ಲದಾಗ ಸರಿಯಿದೆ. ಎರಡೂ ಸೇರಿದಾಗ ಮಾತ್ರ ತೊಂದರೆ. ಉಳಿದದ್ದು ಎಸ್.ಎಂ.ಪಿ.ಎಸ್.

ಲೇಬಲ್ ಹೇಳಿದ ಲೆಕ್ಕ

ಹಳೆಯ ಎಸ್.ಎಂ.ಪಿ.ಎಸ್. ಮೇಲೆ 250 ವ್ಯಾಟ್ ಎಂದಿತ್ತು. ಸಾಕಲ್ಲವೇ ಎನಿಸುತ್ತದೆ. ಆದರೆ ಸಣ್ಣ ಅಕ್ಷರದಲ್ಲಿ 12 ವೋಲ್ಟಿನ ತಂತಿಗೆ 12 ಆಂಪೇರ್ ಎಂದು ಬರೆದಿತ್ತು. ವೋಲ್ಟನ್ನು ಆಂಪೇರಿನಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ:

12 × 12 = 144 ವ್ಯಾಟ್

ಹೆಚ್ಚು ಕೆಲಸವಿರುವಾಗ ಆ ತಂತಿಯ ಮೇಲಿನ ಹೊರೆ ಎಷ್ಟು? ಪ್ರೊಸೆಸರ್ 80, ಹೊಸ ಕಾರ್ಡ್ 60, ಡಿಸ್ಕ್ ಮತ್ತು ಫ್ಯಾನುಗಳು 15. ಒಟ್ಟು 155 ವ್ಯಾಟ್. ಕಾರ್ಡ್ ಇಲ್ಲದಿದ್ದರೆ ಬರೀ 95. ಉತ್ತರ ಸಿಕ್ಕಿತು! ಹೆಚ್ಚು ಸಾಮರ್ಥ್ಯದ ಎಸ್.ಎಂ.ಪಿ.ಎಸ್. ಹಾಕಿದ ಮೇಲೆ ಕಾರ್ಡ್ ಮತ್ತು ರ‍್ಯಾಮ್ ಎರಡೂ ಚೆನ್ನಾಗಿ ಕೆಲಸ ಮಾಡಿದವು. ಅವಸರದಲ್ಲಿ ಕಾರ್ಡನ್ನು ಹಿಂದಕ್ಕೆ ಕೊಟ್ಟು ಇನ್ನೊಂದು ತಂದಿದ್ದರೆ ಅದೂ ಹೀಗೆಯೇ ನಿಲ್ಲುತ್ತಿತ್ತು.

ನಮ್ಮ ಕರಾವಳಿಯಲ್ಲಿ ವಿಶೇಷ ಎಚ್ಚರ

ಬೈಂದೂರಿನಿಂದ ಬ್ರಹ್ಮಾವರದವರೆಗೆ ಕಡಲ ಬದಿಯ ಮನೆಗಳ ಕಿಟಕಿಯ ಸರಳು ಬೇಗ ತುಕ್ಕು ಹಿಡಿಯುವುದನ್ನು ಕಂಡಿದ್ದೀರಿ. ಉಪ್ಪುಗಾಳಿ ಮತ್ತು ತೇವ ಗಣಕಯಂತ್ರದೊಳಗಿನ ಲೋಹದ ತುದಿಗಳನ್ನೂ ಬಿಡುವುದಿಲ್ಲ. ತುದಿ ಮಸುಕಾದರೆ ಸಂಪರ್ಕ ಸರಿಯಾಗಿ ಆಗದು. ಹಲವು ಬಾರಿ ರ‍್ಯಾಮನ್ನು ತೆಗೆದು, ತುದಿಯನ್ನು ಒರೆಸಿ, ಬಿಗಿಯಾಗಿ ಕೂರಿಸಿದರೆ ಸಾಕು, ತೊಂದರೆ ಹೋಗುತ್ತದೆ. ಮಳೆಗಾಲದಲ್ಲಿ ಗಣಕಯಂತ್ರವನ್ನು ತೇವದ ಗೋಡೆಯಿಂದ ದೂರವಿಡಿ. ಗುಡುಗು ಕೇಳುವ ಮೊದಲೇ, ಮೋಡ ಕವಿದಾಗಲೇ ಪ್ಲಗ್ ತೆಗೆಯಲು ಹಿರಿಯರಿಗೆ ನೆನಪಿಸಿ.

ನೀವೇ ಮಾಡಿ ನೋಡಿ

ಬೇಕಾಗುವ ವಸ್ತುಗಳು: ಟಾರ್ಚಿನ ಎರಡು ಹೊಸ ಶುಷ್ಕಕೋಶ, ಎರಡು ಹಳೆಯ ಶುಷ್ಕಕೋಶ, ಎರಡು ಟಾರ್ಚ್ ಬಲ್ಬು, ತಂತಿ.

ಎರಡು ಹಳೆಯ ಕೋಶಗಳನ್ನು ಸಾಲಾಗಿ ಜೋಡಿಸಿ ಒಂದು ಬಲ್ಬು ಉರಿಸಿ. ಈಗ ಎರಡನೆಯ ಬಲ್ಬನ್ನು ಮೊದಲನೆಯದಕ್ಕೆ ಸಮಾಂತರವಾಗಿ ಜೋಡಿಸಿ. ಮೊದಲ ಬಲ್ಬು ಏನಾಯಿತು? ಹೊಸ ಕೋಶಗಳಿಂದ ಇದನ್ನೇ ಮಾಡಿ. ವ್ಯತ್ಯಾಸ ಬರೆಯಿರಿ. ಎರಡನೆಯ ಬಲ್ಬಿನಲ್ಲಿ ದೋಷವಿದೆಯೇ?

ಎಚ್ಚರಿಕೆ: ಗಣಕಯಂತ್ರದ ಪೆಟ್ಟಿಗೆಯನ್ನು ನೀವೇ ಬಿಚ್ಚಬೇಡಿ. ಎಸ್.ಎಂ.ಪಿ.ಎಸ್. ಅನ್ನಂತೂ ಯಾರೂ ಶಾಲೆಯಲ್ಲಿ ತೆರೆಯಬಾರದು. ಪ್ಲಗ್ ತೆಗೆದ ಮೇಲೂ ಅದರೊಳಗೆ ಶಾಕ್ ಹೊಡೆಯುವಷ್ಟು ವಿದ್ಯುತ್ತು ಉಳಿದಿರಬಹುದು.

ಯೋಚಿಸಿ ಉತ್ತರಿಸಿ

1. ಪರೀಕ್ಷೆ 1ರ ಬಳಿಕ ರ‍್ಯಾಮನ್ನು ಮರಳಿ ಹಾಕದೆಯೇ ಕಾರ್ಡನ್ನೂ ತೆಗೆದಿದ್ದರೆ ಏನು ತಿಳಿಯದೆ ಹೋಗುತ್ತಿತ್ತು?
2. ದೋಣಿಯ ಚಿತ್ರ ಉಳಿಯಬೇಕಿದ್ದರೆ ಮಕ್ಕಳು ನಡುನಡುವೆ ಏನು ಮಾಡಬೇಕಿತ್ತು? (ಸುಳಿವು: ರ‍್ಯಾಮ್‌ನಲ್ಲಿರುವುದು ವಿದ್ಯುತ್ ಹೋದೊಡನೆ ಅಳಿಸಿಹೋಗುತ್ತದೆ.)
3. ನಿಮ್ಮ ಮನೆಯಲ್ಲಿ ಸೈಕಲ್, ಮಿಕ್ಸಿ ಅಥವಾ ಪಂಪು ಆಗಾಗ ತೊಂದರೆ ಕೊಡುತ್ತಿದೆಯೇ? ಒಂದು ವಾರ ಸುಳಿವುಗಳನ್ನು ಬರೆದಿಟ್ಟು ತರಗತಿಯಲ್ಲಿ ಚರ್ಚಿಸಿ.