ಬಾಡಿಗೆ ಮನೆಗೂ ಸಣ್ಣ ಗಿರಣಿಗೂ ವಿದ್ಯುತ್ ನೆರವು: ಮೊದಲು ಮೀಟರ್ ಸರಿಯಿರಲಿ

ಒಂದೇ ವಠಾರದ ಮೂರು ಸಂಸಾರಗಳಿಗೆ ಒಂದೇ ಮೀಟರ್ ಇರುವುದು ನಮ್ಮ ಹಳೆಯ ಬಡಾವಣೆಗಳಲ್ಲಿ ಹೊಸದೇನಲ್ಲ. ಪ್ರತಿ ಮನೆಯವರು ತಿಂಗಳಿಗೆ 80 ಯೂನಿಟ್ ಮಾತ್ರ ಬಳಸಿದರೂ ಮೀಟರಿನಲ್ಲಿ 240 ಬೀಳುತ್ತದೆ. ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯ ಮಿತಿ 200 ಯೂನಿಟ್. ಅದನ್ನು ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಕಡಿಮೆ ಕರೆಂಟು ಬಳಸುವ ಬಡ ಕುಟುಂಬಗಳೇ ಹೀಗೆ ನೆರವಿನಿಂದ ಹೊರಗುಳಿಯುವುದು ನಿಜಕ್ಕೂ ಅನ್ಯಾಯ. ಆದರೆ ಪ್ರತಿ ಸಂಸಾರವೂ ಬೇರೆ ಮೀಟರ್ ಪಡೆಯಲು ಕಾನೂನಿನಲ್ಲೇ ದಾರಿಯಿದೆ.

ವಿದ್ಯುತ್ ಕಾಯ್ದೆ 2003ರ 43ನೇ ಕಲಂ ಪ್ರಕಾರ ಸಂಪರ್ಕ ಕೇಳುವ ಹಕ್ಕು ಕಟ್ಟಡದ ಮಾಲೀಕರಿಗಷ್ಟೇ ಅಲ್ಲ, ಅದರಲ್ಲಿ ವಾಸವಿರುವವರಿಗೂ ಇದೆ. ಅರ್ಜಿ ಸರಿಯಿದ್ದರೆ ಸಂಪರ್ಕ ಕೊಡುವುದು ವಿದ್ಯುತ್ ಕಂಪನಿಯ ಕರ್ತವ್ಯ. 2024ರಲ್ಲಿ ತಿದ್ದುಪಡಿಯಾದ ಗ್ರಾಹಕರ ಹಕ್ಕುಗಳ ನಿಯಮಗಳು ಇದಕ್ಕೆ ಮಹಾನಗರಗಳಲ್ಲಿ 3 ದಿನ, ಇತರ ಪಟ್ಟಣಗಳಲ್ಲಿ 7 ದಿನ, ಹಳ್ಳಿಗಳಲ್ಲಿ 15 ದಿನಗಳ ಗಡುವು ಹಾಕಿವೆ. ಹೊಸದಾಗಿ ಕಂಬ, ಲೈನು ಎಳೆಯಬೇಕಾದ ಕಡೆ ಹೆಚ್ಚು ಸಮಯ ಹಿಡಿಯುತ್ತದೆ. ಬಾಡಿಗೆ ಕರಾರು ಪತ್ರ, ಗುರುತಿನ ಚೀಟಿ, ಸಾಧ್ಯವಾದರೆ ಮಾಲೀಕರ ಒಪ್ಪಿಗೆ ಪತ್ರ ಇವಿಷ್ಟನ್ನು ಸಿದ್ಧ ಮಾಡಿಕೊಳ್ಳಿ. ಮಾಲೀಕರ ಜೊತೆ ಜಗಳಕ್ಕಿಳಿಯುವ ಮೊದಲು ಮೇಲಿನ ಲೆಕ್ಕವನ್ನು ಅವರ ಮುಂದಿಡಿ. ಬಿಲ್ ಹಂಚಿಕೆಯ ಕಿರಿಕಿರಿ ತಪ್ಪುತ್ತದೆಂದು ಎಷ್ಟೋ ಮಾಲೀಕರು ಒಪ್ಪುತ್ತಾರೆ.

ಹೊಸ ಮೀಟರಿಗೆ ಹಿಂದಿನ ಬಳಕೆಯ ದಾಖಲೆ ಇರುವುದಿಲ್ಲ. ಹಾಗಾಗಿ ರಾಜ್ಯದ ಸರಾಸರಿಯಾದ 53 ಯೂನಿಟ್‌ಗೆ ಸ್ವಲ್ಪ ಸೇರಿಸಿ ಉಚಿತದ ಪ್ರಮಾಣ ಗೊತ್ತುಪಡಿಸುತ್ತಾರೆ. ಬಳಕೆ 200ರೊಳಗಿದ್ದರೂ ಅದಕ್ಕಿಂತ ಹೆಚ್ಚಾದ ಯೂನಿಟ್‌ಗಳಿಗೆ ದುಡ್ಡು ಕಟ್ಟಬೇಕು. ಉಳಿತಾಯದ ಮಾತು ಬರುವುದು ಇಲ್ಲೇ. 75 ವ್ಯಾಟಿನ ಹಳೆಯ ಫ್ಯಾನು ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್ ಬೇಕು. 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ 11 ಯೂನಿಟ್ ಸಾಕು. ಒಂದೇ ಫ್ಯಾನಿನಿಂದ 16 ಯೂನಿಟ್ ಉಳಿದರೆ 80 ಇದ್ದದ್ದು 64ಕ್ಕೆ ಇಳಿಯುತ್ತದೆ. ಸೀಲಿಂಗ್ ಫ್ಯಾನಿನ ಮೇಲೆ ಸ್ಟಾರ್ ಲೇಬಲ್ ಇರುವುದು 2023ರಿಂದ ಕಡ್ಡಾಯ. ಲೇಬಲ್ ನೋಡದೆ ಕೊಳ್ಳಬೇಡಿ, ಬಿಲ್ ಇಲ್ಲದೆ ಅಂಗಡಿಯಿಂದ ಹೊರಡಬೇಡಿ. ಲೇಬಲ್ ಸುಳ್ಳೆಂದು ಗೊತ್ತಾದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕವೇ ಇಲ್ಲ.

ಮನೆ ಬದಲಿಸುವವರಿಗೆ ಒಂದು ಮಾತು. ಗೃಹಜ್ಯೋತಿ ನಿಮ್ಮ ಆಧಾರ್ ಜೊತೆ ಹಳೆಯ ಮನೆಯ ಆರ್‌ಆರ್ ನಂಬರಿಗೆ, ಅಂದರೆ ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆಗೆ, ಅಂಟಿಕೊಂಡಿರುತ್ತದೆ. ಮೊದಲು ಆ ಜೋಡಣೆ ತೆಗೆಸಿ, ಆಮೇಲೆ ಹೊಸ ಮನೆಗೆ ಅರ್ಜಿ ಹಾಕಿ.

ಸಣ್ಣ ಉದ್ಯಮಗಳ ಕಥೆ ಬೇರೆ. ಅಂಗಡಿಗಾಗಲಿ ಗಿರಣಿಗಾಗಲಿ ಗೃಹಜ್ಯೋತಿ ಸಿಗುವುದಿಲ್ಲ. ತಯಾರಿಕಾ ಘಟಕಗಳಿಗೆ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ 'ಅಡೀಟಿ' ಎಂಬ ಯೋಜನೆ ತಂದಿದೆ. ಕಡಿಮೆ ವಿದ್ಯುತ್ ಬೇಡುವ ಯಂತ್ರ ಹಾಕಲು ಸಾಲ ಮಾಡಿದ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಶೇ. 5ರಷ್ಟು ಬಡ್ಡಿ ಸಹಾಯಧನ ಇದರಲ್ಲಿದೆ. ಕನಿಷ್ಠ ಶೇ. 10ರಷ್ಟು ಉಳಿತಾಯ ತೋರಿಸಬೇಕು, ಉದ್ಯಮ್ ನೋಂದಣಿ ಇರಬೇಕು, ನಿಮ್ಮ ಕ್ಷೇತ್ರ ಯೋಜನೆಯ ಪಟ್ಟಿಯಲ್ಲಿರಬೇಕು. ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಉಚಿತ. ಅದಕ್ಕೆ ಸಾವಿರಾರು ರೂಪಾಯಿ ಕೇಳುವ ಮಧ್ಯವರ್ತಿಗಳಿಗೆ ಸೊಪ್ಪು ಹಾಕಬೇಡಿ.

ಈ ಯೋಜನೆಯ ನೆರವು ಸಿಗದ ಹಿಟ್ಟಿನ ಗಿರಣಿಯವರು ತಮ್ಮ ಬಿಲ್ಲನ್ನೇ ಒಮ್ಮೆ ಸರಿಯಾಗಿ ಓದಲಿ. ಅದರಲ್ಲಿ ಪವರ್ ಫ್ಯಾಕ್ಟರ್ ದಂಡ ಸೇರಿದ್ದರೆ ಮೋಟಾರಿನ ಕೆಪಾಸಿಟರ್ ಸುಟ್ಟಿರಬಹುದು ಅಥವಾ ಹಾಕಿಸಿಯೇ ಇಲ್ಲದಿರಬಹುದು. ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಿ. ನಿಗದಿತ ಶುಲ್ಕ ನಿಮ್ಮ ಮಂಜೂರಾದ ಲೋಡಿನ ಮೇಲೆ ನಿಂತಿರುತ್ತದೆ. ಹಳೆಯ ದೊಡ್ಡ ಮೋಟಾರ್ ತೆಗೆದು ಚಿಕ್ಕದು ಹಾಕಿದ ಮೇಲೆ ಲೋಡ್ ಇಳಿಸಲು ಅರ್ಜಿ ಕೊಡದಿದ್ದರೆ ಇಲ್ಲದ ಮೋಟಾರಿಗೂ ತಿಂಗಳು ತಿಂಗಳು ಹಣ ಕಟ್ಟುತ್ತಿರುತ್ತೀರಿ.

ಇಷ್ಟೆಲ್ಲ ಮಾಡಿಯೂ ಬಿಲ್ ಇಳಿಯದೆ ಮೀಟರ್ ಮೇಲೆಯೇ ಅನುಮಾನ ಬಂದರೆ ಲಿಖಿತ ದೂರು ಕೊಡಿ. ದೂರು ಬಂದ 5 ದಿನಗಳೊಳಗೆ ಕಂಪನಿ ಹೆಚ್ಚುವರಿ ಮೀಟರ್ ಅಳವಡಿಸಿ, ಕನಿಷ್ಠ 3 ತಿಂಗಳು ಎರಡರ ಓದನ್ನೂ ತಾಳೆ ನೋಡಬೇಕು ಎಂದು ನಿಯಮವಿದೆ. ಬಾಕಿಯೆಂದು ಫ್ಯೂಸ್ ಕೀಳಲು ಬಂದರೆ ವಿದ್ಯುತ್ ಕಾಯ್ದೆಯ 56ನೇ ಕಲಂ ನೆನಪಿರಲಿ: 15 ದಿನಗಳ ಲಿಖಿತ ನೋಟಿಸ್ ಇಲ್ಲದೆ ಸಂಪರ್ಕ ಕಡಿಯುವಂತಿಲ್ಲ. ಬಿಲ್ಲಿನ ಬಗ್ಗೆ ತಕರಾರಿದ್ದರೆ, ಕೇಳಿದ ಮೊತ್ತ ಅಥವಾ ಹಿಂದಿನ 6 ತಿಂಗಳ ಸರಾಸರಿ, ಯಾವುದು ಕಡಿಮೆಯೋ ಅದನ್ನು 'ಆಕ್ಷೇಪಣೆಯೊಂದಿಗೆ' ಎಂದು ಬರೆದು ಕಟ್ಟಿ. ತಕರಾರು ತೀರ್ಮಾನವಾಗುವವರೆಗೆ ಕರೆಂಟು ಉಳಿಯುತ್ತದೆ. ಉಪವಿಭಾಗದ ಕಚೇರಿಯಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ, ಅಲ್ಲಿಯೂ ಆಗದಿದ್ದರೆ ಓಂಬುಡ್ಸ್‌ಮನ್‌ಗೆ ಹೋಗಬಹುದು. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ.

ಕಚೇರಿಯಲ್ಲಿ ಬಾಯಿಮಾತಿನಲ್ಲಿ ಹೇಳಿ ಬಂದ ದೂರಿಗೆ ದಾಖಲೆ ಇರುವುದಿಲ್ಲ. ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿದರೆ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಕಾಗದ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳದೆ ಬರಬೇಡಿ.